ಬಾಗಿನ ತಂದ ನಾಯಿ

ಮಂಜು ಬಿದ್ದ ಬೆಳಿಗ್ಗೆಗಳಲ್ಲಿ ನಮ್ಮೂರ ಕೆರೆಗೆ ಆಚೆ ದಡ ಇರುತ್ತಿರಲಿಲ್ಲ. ಏರಿಯ ಮೇಲೆ ನಿಂತರೆ ಕಾಲ ಬುಡದಲ್ಲಿ ಒಂದಿಷ್ಟು ನೀರು, ಆಮೇಲೆ ಬರೀ ಬಿಳುಪು, ಆ ಬಿಳುಪಿನ ಮೇಲೆ ತೀರಾ ದೂರದಲ್ಲಿ ಶಿವಗಂಗೆ ಬೆಟ್ಟದ ತುದಿ ಮಾತ್ರ, ಯಾರೋ ತೇಲಿಬಿಟ್ಟ ಹಾಗೆ. ಕಣ್ಣಿಗೆ ಕಾಣದ ಬಾತುಗಳು ನೀರಿನ ಮೇಲೆ ಏನೋ ಮಾತಾಡಿಕೊಳ್ಳುತ್ತಿದ್ದವು. ಆ ಬಿಳುಪಿನೊಳಕ್ಕೆ ನನ್ನ ನಾಯಿ ಈಜಿಕೊಂಡು ಹೋಗುತ್ತಿದ್ದಳು. ಮೊದಲು ಬೆನ್ನು ಮಾಯ, ಆಮೇಲೆ ತಲೆ ಮಾಯ, ಕೊನೆಗೆ ಅವಳ ಉಸಿರಿನ ಸದ್ದೂ ಮಾಯ. ನಾನು ಅಲುಗದೆ ನಿಂತಿರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದೇ ಉಸಿರು ಮತ್ತೆ ಕೇಳಿಸುವುದು. ಮಂಜಿನೊಳಗಿಂದ ಕಪ್ಪು ತಲೆಯೊಂದು ಮೂಡಿ, ನಾನು ಎಸೆದದ್ದನ್ನು ಬಾಯಲ್ಲಿ ಹಿಡಿದು ನನ್ನ ಕಡೆಗೇ ಬರುವುದು. ಈಗಲೂ ಕನಸಿನಲ್ಲಿ ಅವಳು ಹಾಗೆಯೇ ಬರುತ್ತಾಳೆ. ಏನು ತಂದಿದ್ದಾಳೆ ಎಂದು ನೋಡುವಷ್ಟರಲ್ಲಿ ಎಚ್ಚರವಾಗಿಬಿಡುತ್ತದೆ.

ನಾನು ಮೂರನೇ ತರಗತಿಗೇ ಸ್ಕೂಲು ಬಿಟ್ಟವನು. ಅಪ್ಪ ಬಾವಿಯ ಹತ್ತಿರ ಎತ್ತು ಹೊಡೆಯಲು ಕರೆದ, ಸ್ಲೇಟು ಇಟ್ಟು ಹೋದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಮೈ ಬಗ್ಗಿಸಿ ದುಡಿಯುವುದರಲ್ಲಿ ಮಧುರೆ ಸುತ್ತಿನ ಹಳ್ಳಿಗಳಲ್ಲಿ ನನ್ನನ್ನು ಮೀರಿಸಿದವರನ್ನು ನಾನಂತೂ ನೋಡಲಿಲ್ಲ. ನಮ್ಮೂರ ಕೆರೆಕೋಡಿಯ ಆಚೆ ಮಾವಿನ ತೋಪಿನಲ್ಲಿ ಒಬ್ಬ ದೊರೆಯ ಬಂಗಲೆ ಇತ್ತು. ಪಟಾಲಮ್ಮಿನಲ್ಲಿ ದೊಡ್ಡ ಕೆಲಸ ಮಾಡಿ ಬಂದ, ಹೆಂಡತಿ ಮಕ್ಕಳಿಲ್ಲದ ಮುದುಕ. ಅವನ ತೋಟಕ್ಕೆ ನೀರು ಹಾಯಿಸುವ ಕೆಲಸಕ್ಕೆಂದು ಸೇರಿದವನು ನಾನು. ದೊರೆಗೆ ಶಿಕಾರಿ ನಾಯಿಗಳ ಹುಚ್ಚು. ಬೆನ್ನಟ್ಟಿ ಕೊಲ್ಲುವ ನಾಯಿಗಳಲ್ಲ ಅವು. ಕೋವಿಗೆ ಬಿದ್ದ ಹಕ್ಕಿಯನ್ನು ಹುಡುಕಿ, ಕಚ್ಚದೆ, ಗರಿ ಕೆಡದೆ ತಂದು ಕೈಗೆ ಕೊಡುವ ಲ್ಯಾಬ್ರಡಾರ್ ಎಂಬ ಜಾತಿ. ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಬೊಂಬಾಯಿಂದ ರೈಲಿನಲ್ಲಿ ಬುಟ್ಟಿಯೊಳಗೆ ಒಂದು ಕರೀ ಹೆಣ್ಣುಮರಿ ಬಂತು. ದೊರೆ ಅದನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, ತನ್ನ ಕನ್ನಡದಲ್ಲಿ, "ಇವನು ನಿನ್ನ ಕೆಲಸ," ಅಂದ. ಅವನಿಗೆ ಗಂಡು ಹೆಣ್ಣೆಲ್ಲ ಒಂದೇ ಲಿಂಗ. ಅವನಿಟ್ಟ ಹೆಸರು ನನ್ನ ನಾಲಗೆಗೆ ಹೊರಳಲಿಲ್ಲ. ನಾನು "ಕೂಸೇ" ಎಂದು ಕರೆದೆ. ಅವಳು ಅದಕ್ಕೇ ಓಡಿ ಬಂದಳು.

ಅವಳನ್ನು ತಿದ್ದಿದ್ದು ನಾನು. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ತೆಂಗಿನ ಮಟ್ಟೆಗೆ ಗೋಣಿ ಸುತ್ತಿ, ಅದಕ್ಕೆ ಬಾತಿನ ರೆಕ್ಕೆ ಕಟ್ಟಿ, ಮೊದಲು ಹೊಲದಲ್ಲಿ, ಆಮೇಲೆ ಬಂಗಲೆಯ ಹಿಂದಿನ ಸಣ್ಣ ನೀರಿನ ಕುಂಟೆಯಲ್ಲಿ, ಕೊನೆಗೆ ಕೆರೆಯಲ್ಲಿ ಎಸೆದು ತರಿಸಿದೆ. ಬಾಯಿ ಮೆತ್ತಗಿರಲೆಂದು ನಾಟಿಕೋಳಿಯ ಮೊಟ್ಟೆ ಹೊರಿಸಿ ತೋಪಿನ ಸುತ್ತ ನಡೆಸಿದೆ. ಮೊದಮೊದಲು ಮೊಟ್ಟೆ ಅವಳ ಹೊಟ್ಟೆಗೇ ಹೋಗುತ್ತಿತ್ತು. ಆಮೇಲೆ ಅಂಥದೇ ಮೊಟ್ಟೆಯನ್ನು ಅವಳು ಕಾವು ಕೂತ ಕೋಳಿಯ ಕುಕ್ಕೆಗೆ ತಂದು ಹಾಕಿ, ಅದು ಮರಿಯಾದದ್ದೂ ಉಂಟು. ನೀರಿನ ಮೇಲೆ ಕೂಗಿದರೆ ಹಕ್ಕಿಗಳು ಎದ್ದುಹೋಗುತ್ತವೆ, ಆದ್ದರಿಂದ ಕೆಲಸವೆಲ್ಲ ಕೈಸನ್ನೆಯಲ್ಲಿ. ಕೋವಿ ಹಾರುತ್ತದೆ, ಹಕ್ಕಿ ಬೀಳುತ್ತದೆ, ನಾಯಿ ಅಲುಗಬಾರದು. ನನ್ನ ಬಲಗೈ ಮುಂದಕ್ಕೆ ಚಾಚಿದಾಗಲೇ ಹೋಗಬೇಕು. ತಂದು ನನ್ನೆದುರು ಕೂತು, ನನ್ನ ಅಂಗೈ ಅವಳ ಗದ್ದದ ಕೆಳಗೆ ಬಂದು "ಬಿಡು" ಅಂದಾಗಲೇ ಬಿಡಬೇಕು.

ಊರವರಿಗೆ ಇದೆಲ್ಲ ನಗೆಯ ಸಂಗತಿ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ದಿನಾ ಏರಿಯ ಮೇಲೆ ಸಿಗುತ್ತಿದ್ದ. ನನಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವನು, ಒಣಕಲು ಮೈ, ಮೀನಿನ ಹಾಗೆ ಈಜುವವನು. ಅವನೇ ನನಗೆ ಹೆಸರಿಟ್ಟವನು.

"ಏನ್ ನಾಯಿ ಮೇಷ್ಟ್ರೇ, ಎಷ್ಟನೇ ಕ್ಲಾಸಿಗೆ ಬಂದ್ಲು ನಿನ್ ಮಗಳು?"

"ನನ್ಗಿಂತ ಮುಂದೆ ಹೋಗವ್ಳೆ ಬಿಡಣ್ಣ."

"ಬಾಯಿಗೆ ಬಿದ್ದಿದ್ದನ್ನ ತಿನ್ನದೆ ತಂದ್ಕೊಡೋದೂ ಒಂದು ನಾಯಾ? ನಾಯಿ ಜಾತಿಗೇ ಅವಮಾನ ಕಣೋ."

ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ದಂಡಿನ ಶಿಕಾರಿ ದೊರೆಗಳು ನಮ್ಮ ಕೆರೆಗೆ ಬಂದು ನಾಯಿಗಳ ಪರೀಕ್ಷೆ ನಡೆಸುತ್ತಿದ್ದರು. ಹುಲ್ಲಿನಲ್ಲಿ ಒಂದು, ನೀರಿನಲ್ಲಿ ಒಂದು. ಉಳಿದ ತಪ್ಪಿಗೆ ಅಷ್ಟೋ ಇಷ್ಟೋ ಕ್ಷಮೆ ಇತ್ತು. ಆದರೆ ತಂದ ಹಕ್ಕಿಯನ್ನು ದಾರಿಯಲ್ಲಿ ಬಿಟ್ಟ ನಾಯಿ ಅಲ್ಲಿಗೇ ಆಚೆ. ಯುದ್ಧ ಮುಗಿದ ಮರುವರ್ಷ ದೊರೆ ತನ್ನ ದೇಶಕ್ಕೆ ಹೊರಡುವ ಮನಸ್ಸು ಮಾಡಿದ. ಬೇಸಿಗೆಗೆ ಹಡಗು. ಹೋಗುವ ಮೊದಲು ಕೂಸನ್ನು ಪರೀಕ್ಷೆಗೆ ನಿಲ್ಲಿಸುವೆನೆಂದ. ತಮಿಳು ಸೀಮೆಯ ಜಮೀನ್ದಾರರೊಬ್ಬರು ಅವಳನ್ನು ನೋಡಿ ಮೆಚ್ಚಿದ್ದರು. ಗೆದ್ದರೆ ಅವಳು ಅವರ ಜೊತೆ ಹೋಗುವವಳು. ಇದು ನನಗೆ ಗೊತ್ತಿತ್ತು. ಆದರೂ ಅವಳು ಗೆಲ್ಲಲೇಬೇಕೆಂದು ನನಗೆ ಆಸೆ. ಮಗಳನ್ನು ಚೆನ್ನಾಗಿ ಬೆಳೆಸಿದ ಅಪ್ಪನಿಗೆ ದಿಬ್ಬಣ ಬರುವುದೂ ಬೇಕು, ಬಂದ ದಿನ ಹಿತ್ತಿಲಿಗೆ ಹೋಗಿ ನಿಲ್ಲುವುದೂ ತಪ್ಪದು, ಹಾಗೆ. ಅವಳು ಗೆದ್ದರೆ ನನ್ನ ಕೈಕೆಲಸ ಗೆದ್ದ ಹಾಗೆ. ಇಷ್ಟು ವರ್ಷ ನಾನು ಕಾದಿದ್ದು ಅದಕ್ಕೆ.

ಆ ವರ್ಷವೇ ಕೆರೆ ತುಂಬಿತು. ಎಷ್ಟೋ ಕಾಲದ ಮೇಲೆ ಕೋಡಿ ಬಿತ್ತು. ಕೋಡಿಯಲ್ಲಿ ನೀರು ಹರಿಯುವ ಸದ್ದು ಹಗಲೂ ಇರುಳೂ ಊರಿನೊಳಗೆ ತುಂಬಿಕೊಂಡು, ಎಲ್ಲರೂ ನಿದ್ದೆಗಣ್ಣಿನಲ್ಲೇ ಓಡಾಡುತ್ತಿದ್ದ ಹಾಗೆ ಇತ್ತು. ಗಂಗಮ್ಮನಿಗೆ ಬಾಗಿನ ಕೊಡುವ ದಿನ ಇಡೀ ಊರು ಏರಿಯ ಮೇಲೆ ಸೇರಿತು. ಮೊದಲ ಬಾಗಿನ ಪಟೇಲರ ಹೆಂಡತಿಯದು. ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು. ತಲೆ ಪೂರ್ತಿ ಬೆಳ್ಳಗಾಗಿದ್ದ ಮುತ್ತೈದೆ. ಪಟೇಲರು ಊರಿಗೆ ಹೇಳಿದ್ದನ್ನು ಅವರಿಗೆ ಹೇಳಿಕೊಡುತ್ತಿದ್ದವಳು ಅವಳೇ. ಹೊಸ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಅರಿಸಿನ ಕುಂಕುಮ, ಹಸಿರು ಬಳೆ, ಕನ್ನಡಿ, ಬಾಚಣಿಗೆ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ, ಅರಿಸಿನದ ದಾರ ಸುತ್ತಿ, ಸೆರಗು ಹೊದಿಸಿ ಹಿಡಿದು ಮೆಟ್ಟಿಲಿಳಿದಳು. ತಮಟೆ ಬಡಿಯುತ್ತಿತ್ತು. ನಾನು ಮೆಟ್ಟಿಲ ಪಕ್ಕದಲ್ಲಿದ್ದೆ. ಕೂಸು ನನ್ನ ಎಡಮೊಣಕಾಲಿಗೆ ಒರಗಿ ಕೂತಿದ್ದಳು. ಎಲ್ಲರ ಕೈಯಲ್ಲೂ ಇದ್ದ ಹಾಗೆ ನನ್ನ ಬಲಗೈಯಲ್ಲೂ ಒಂದು ಹಿಡಿ ಚೆಂಡುಹೂವಿತ್ತು.

ದೊಡ್ಡವ್ವ ಮೊರವನ್ನು ನೀರಿಗೆ ಬಿಟ್ಟಳು. ಅದೇ ಗಳಿಗೆಗೆ ಏರಿಯ ತುದಿಯಲ್ಲಿ ಗರ್ನಾಲು ಹಾರಿತು. ಎಲ್ಲರೂ ಹೂ ಎರಚಿದರು. ನಾನೂ ಎರಚಿದೆ.

ಢಮ್ ಎಂಬ ಸದ್ದು, ನೀರಿನ ಮೇಲೆ ಬಿದ್ದ ಪದಾರ್ಥ, ಮುಂದಕ್ಕೆ ಚಾಚಿದ ನನ್ನ ಬಲಗೈ. ಅವಳಿಗೆ ಇನ್ನೇನು ಬೇಕು? ಹೋದಳು.

ತಮಟೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ತೇಲುತ್ತಿದ್ದ ಹೂಗಳ ನಡುವೆ ಅವಳು ನಿಧಾನವಾಗಿ ಈಜಿ, ಮೊರದ ಅಂಚನ್ನು ಹಿಡಿದು, ತಿರುಗಿ, ಹೂಗಳನ್ನು ಎದೆಯಿಂದ ಸರಿಸುತ್ತಾ ಬಂದಳು. ಹೆಂಗಸರು ಸೀರೆ ಎತ್ತಿಕೊಂಡು ದಾರಿ ಬಿಟ್ಟರು. ಅವಳು ನನ್ನೆದುರು ಕೂತು, ತಲೆ ಎತ್ತಿ, ಗಂಗಮ್ಮನ ಬಾಗಿನವನ್ನು ನನಗೆ ಹಿಡಿದಳು. ದಾರ ಹರಿದಿರಲಿಲ್ಲ. ಕೆಲಸ ಮಾತ್ರ ಎಷ್ಟು ಚೆನ್ನಾಗಿ ಮಾಡಿದ್ದಳೆಂದರೆ, ಬೇರೆ ದಿನವಾಗಿದ್ದರೆ ಅಪ್ಪಿಕೊಂಡುಬಿಡುತ್ತಿದ್ದೆ.

ತಮಟೆ ನಿಂತಿತು. ನೀರುಗಂಟಿಯೇ ಬಾಯಿ ತೆರೆದ.

"ತಗೊಳ್ಳಪ್ಪಾ ನಾಯಿ ಮೇಷ್ಟ್ರೇ. ತಾಯಿ ನಿನಗೇ ಕಳಿಸವ್ಳೆ. ಬಳೆ ತೊಟ್ಕೋ."

ನಾಲ್ಕು ಜನ ನಕ್ಕರು. ದೊಡ್ಡವ್ವ ನಗದೆ ಇದ್ದದ್ದನ್ನು ನೋಡಿ ಅವರೂ ನಿಲ್ಲಿಸಿದರು. ಅವಳು ಬಂದು ನಾಯಿಯ ಮುಂದೆ ಸೆರಗು ಒಡ್ಡಿದಳು. ಕೂಸು ನನ್ನ ಮುಖ ನೋಡಿದಳು. "ಬಿಡು" ಅಂದೆ. ಮೊರ ಸೆರಗಿಗೆ ಬಿತ್ತು. ದೊಡ್ಡವ್ವ ಅಲ್ಲೇ ದಾರ ಸಡಿಲಿಸಿ ನೋಡಿದಳು. ಒಂದು ಬಳೆಯೂ ಒಡೆದಿರಲಿಲ್ಲ, ಕನ್ನಡಿ ಬಿರುಕು ಬಿಟ್ಟಿರಲಿಲ್ಲ. ಕುಂಕುಮ ಮಾತ್ರ ನೆನೆದು ಅಕ್ಕಿ ಕೆಂಪಗಾಗಿತ್ತು. ಮತ್ತೆ ಮುಚ್ಚಿ ಮನೆಗೆ ತೆಗೆದುಕೊಂಡು ಹೋದಳು. ಪಟೇಲರು ಹೇಳಿದರು: ಕೊಟ್ಟ ಬಾಗಿನ ತಿರುಗಿ ಬಂದಿದೆ, ಇದಕ್ಕೊಂದು ದಾರಿ ಆಗುವ ತನಕ ಈ ನಾಯಿ ಕೆರೆನೀರು ಮುಟ್ಟಕೂಡದು.

ಹೀಗೆ ನಮ್ಮ ಕೆರೆ ನಮಗೆ ಮುಚ್ಚಿಹೋಯಿತು. ಕಾರ್ತಿಕದಲ್ಲಿ ಬಾತುಗಳು ಬಂದಿಳಿದವು. ಕೂಸು ಬಂಗಲೆಯ ಗೇಟಿನ ಹತ್ತಿರ ಕೂತು ಅವುಗಳ ಸದ್ದನ್ನೇ ಕೇಳುತ್ತಿದ್ದಳು. ದೊರೆ ಕೆಂಪಗಾಗಿ, "ಅಮಲ್ದಾರ್ ಹತ್ರ ಹೋಗ್ತಾನೆ ನಾನು," ಅಂದ. ನಾನು ಬೇಡವೆಂದೆ. ಇದು ನಮ್ಮೂರ ಮಾತು, ಅಮಲ್ದಾರರ ಮಾತಲ್ಲ. ಮೇಲಿನವರಿಂದ ಹೇಳಿಸಿ ಕೆರೆಗಿಳಿಯುವ ಗತಿ ನನಗೆ ಬಂದಿರಲಿಲ್ಲ. ನಾನೇ ದೊಡ್ಡವ್ವನ ಹತ್ತಿರ ಹೋದೆ.

ಅವಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನೀರುಗಂಟಿಯನ್ನೂ ಕೂರಿಸಿಕೊಂಡಿದ್ದಳು. ನನ್ನ ಮುಂದೆಯೂ ಒಂದು ರಾಶಿ ತಳ್ಳಿದಳು. ಬಹಳ ಹೊತ್ತು ಮೂವರೂ ಸುಲಿದೆವು. ಬೆರಳಿಗೆಲ್ಲ ಅವರೆಯ ಸೊಗಡು ಹತ್ತಿತು.

"ಯೋಚ್ನೆ ಮಾಡಿದೀನಿ," ಅಂದಳು ಕೊನೆಗೆ. "ತಂದವಳೇ ತಗೊಂಡೋಗಿ ಕೊಡ್ಲಿ."

ನೀರುಗಂಟಿ ಕೈ ನಿಲ್ಲಿಸಿದ. "ದೊಡ್ಡವ್ವಾ, ಬಾಗಿನ ಕೊಡೋಕೆ ಮುತ್ತೈದೆ ಆಗ್ಬೇಕಲ್ವಾ?"

"ಹೋದ್ವರ್ಷ ಮರಿ ಹಾಕಿದ್ಲಲ್ಲ. ಗಂಡ ಇಲ್ದೆ ಹಾಕಿದ್ಲಾ?"

"ಗಂಡ ಯಾರೂಂತ ಊರಲ್ಲಿ ಯಾರಿಗೂ ಗೊತ್ತಿಲ್ವಲ್ಲ."

"ನೀನು ಹುಟ್ದಾಗ ನಿಮ್ಮಪ್ಪ ಎಲ್ಲಿದ್ದ ಅಂತ್ಲೂ ಊರಲ್ಲಿ ಯಾರಿಗೂ ಗೊತ್ತಿಲ್ಲ. ಸುಮ್ಕೆ ಸುಲಿ."

ಅವನು ಸುಲಿದ. ನಾನು ಹೇಳಿದೆ, "ಆಗ್ಲಿ ದೊಡ್ಡವ್ವ. ನಾನು ತೂಬಿನ ಹತ್ರ ನೀರಲ್ಲಿ ನಿಂತ್ಕೋತೀನಿ. ಅವಳು ತರ್ತಾಳೆ, ನಾನು ಇಸ್ಕೊಂಡು ಬಿಟ್ಬಿಡ್ತೀನಿ."

"ನಿನ್ ಕೈ ತಾಗಿದ್ರೆ ಅದು ಗಂಡಸು ಕೊಟ್ಟ ಬಾಗಿನ ಆಯ್ತದೆ. ಅವಳೇ ಬಿಡ್ಬೇಕು. ತೂಬಿನ ಕಲ್ಲಿನ ಹತ್ರ, ನೀರಿನ್ ಮೇಲೆ, ಅವಳಾಗೇ."

ದೊಡ್ಡವ್ವ ಬೇರೆ ಏನು ಬೇಕಾದರೂ ಕೇಳಬಹುದಾಗಿತ್ತು. ಬಾಯಲ್ಲಿರುವುದನ್ನು ನೀರಿನಲ್ಲಿ ಬಿಡಬಾರದೆಂದೇ ಇಷ್ಟು ವರ್ಷ ಅವಳಿಗೆ ಕಲಿಸಿದ್ದು. ದೊರೆಗೆ ಹೇಳಿದಾಗ ಅವನು ಪೈಪು ಕೆಳಗಿಟ್ಟ. "ನೀರಲ್ಲಿ ಬಿಡೋದು ಒಂದು ಸಲ ಕಲೀತಾನೆ, ಆಮೇಲೆ ಯಾವಾಗ್ಲೂ ಬಿಡ್ತಾನೆ. ಪರೀಕ್ಷೆ ಮುಗೀತು." ಬಾಗಿನ ಕೊಡದಿದ್ದರೆ ಕೆರೆಯಿಲ್ಲ, ಕೆರೆಯಿಲ್ಲದೆ ಪರೀಕ್ಷೆಯಿಲ್ಲ. ಕೊಟ್ಟರೆ ನಾಯಿ ಕೆಡುತ್ತಾಳೆ. ರಾತ್ರಿಯೆಲ್ಲ ಕೋಡಿಯ ಸದ್ದು ಕೇಳಿಕೊಂಡು ಬಿದ್ದಿದ್ದು, ಬೆಳಿಗ್ಗೆ ದೊರೆಗೆ ಹೇಳಿದೆ. "ಒಂದೇ ಒಂದು ಸನ್ನೆಗೆ ಬಿಡೋ ಹಾಗೆ ಕಲಿಸ್ತೀನಿ. ಪರೀಕ್ಷೆ ದಿನ ಯಾವ ದೊರೆಯೂ ಮಾಡದೇ ಇರೋ ಸನ್ನೆ." ಎದೆಯ ಮುಂದೆ ಕೈ ಮುಗಿದು ತೋರಿಸಿದೆ. ದೊರೆ ತುಂಬ ಹೊತ್ತು ನನ್ನ ಕೈಯನ್ನೇ ನೋಡಿದ. ಆಮೇಲೆ ಪೈಪು ಹಚ್ಚಿಕೊಂಡ.

ಕುಂಟೆಯಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಕಲಿಸಲು ತೊಡಗಿದೆ. ಅವಳು ಹಳೇ ಮೊರ ಕಚ್ಚಿಕೊಂಡು ಈಜಿ ಬರುವಳು. ಗದ್ದದ ಕೆಳಗೆ ನನ್ನ ಅಂಗೈ ಬರುವುದೆಂದು ನೋಡುವಳು. ನನ್ನ ಕೈಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ನನ್ನನ್ನು ಸುತ್ತುವಳು. ಮತ್ತೆ ಸುತ್ತುವಳು. ಮೊರವನ್ನು ನನ್ನ ಮುಗಿದ ಕೈಗಳ ಮೇಲೆ ಇಟ್ಟು ತಳ್ಳುವಳು. ಕೊನೆಗೆ ಮೊರದ ಅಂಚಿನ ಸಂದಿಯಿಂದ ಕುಂಯ್ ಅಂದುಕೊಂಡು ದಡಕ್ಕೆ ಹೋಗಿ, ಅಲ್ಲಿ ನನ್ನ ಪಂಚೆಯ ಮೇಲೆ ಇಟ್ಟು ಕಾಯುವಳು. ದಿನಗಳು ಹೋದವು. ನನಗೆ ನೆಗಡಿ ಹಿಡಿಯಿತು. ಬಿಡು ಎಂದು ಬಾಯಲ್ಲಿ ಹೇಳಿಬಿಡಲೇ ಅನ್ನಿಸುತ್ತಿತ್ತು. ಹೇಳಿದರೆ ಆ ಮಾತಿಗೆ ನೀರಿನಲ್ಲೂ ಬಿಡುವುದು ಕಲಿಯುತ್ತಾಳೆ.

ಒಂದು ಸಂಜೆ ದಣಿದು ನಿಂತಿದ್ದೆ. ಬಿಸಿಲು ನೀರಿನ ಮೇಲೆ ಹಳದಿಯಾಗಿ ಮಲಗಿತ್ತು. ಅವಳು ಸುತ್ತುತ್ತಲೇ ಇದ್ದಳು. ಕೈ ಮುಗಿದುಕೊಂಡಿದ್ದವನಿಗೆ, ಮುಗಿದ ಮೇಲೆ ಎಲ್ಲರಿಗೂ ಆಗುವ ಹಾಗೆ, ತಾನಾಗಿ ಕಣ್ಣು ಮುಚ್ಚಿತು. ಮನಸ್ಸಿನಲ್ಲಿ ಏನು ಬೇಡಿಕೊಂಡೆನೋ ನೆನಪಿಲ್ಲ. ಸುತ್ತುವ ಸದ್ದು ನಿಂತಿತು. ನೀರಿನ ಮೇಲೆ ಏನೋ ಮೆಲ್ಲಗೆ ಕೂತ ಸದ್ದು. ಕಣ್ಣು ತೆರೆದರೆ ಮೊರ ನನ್ನೆದುರು ತೇಲುತ್ತಿತ್ತು, ಅವಳು ದಡದ ಕಡೆ ಹೋಗುತ್ತಿದ್ದಳು. ಅಷ್ಟು ದಿನ ನಾನು ಕೈ ಮುಗಿದು ಅವಳ ಬಾಯನ್ನೇ ಕಣ್ಣಲ್ಲಿ ಕಾಯುತ್ತಿದ್ದೆ. ಕೊಡು ಎಂದು ಕಣ್ಣು ಕೇಳುತ್ತಿದ್ದರೆ ಅವಳು ಬಿಡುವುದಾದರೂ ಹೇಗೆ? ಮರುದಿನದಿಂದ ಕೈ ಮುಗಿದೆ, ಕಣ್ಣು ಮುಚ್ಚಿದೆ, ಅವಳು ಬಿಟ್ಟಳು. ಕೆಲವು ದಿನಕ್ಕೆ ಕೈ ನೋಡಿದರೇ ಸಾಕಾಯಿತು. ಬೇರೆ ಯಾವುದಕ್ಕೂ, ದೊರೆ ಸೀಟಿ ಊದಿದರೂ, ನಾನು ಬೆನ್ನು ತಿರುಗಿಸಿ ನಿಂತರೂ, ಬಿಡಲಿಲ್ಲ. ದೊರೆ ದಡದ ಮೇಲೆ ನಿಂತು ನೋಡಿ, "ಹ್ಞೂಂ," ಅಂದ. ಅವನ ಬಾಯಿಂದ ಅದೇ ದೊಡ್ಡದು.

ಕೂಸು ಬಾಗಿನ ಕೊಟ್ಟ ದಿನ ತಮಟೆಯೂ ಇರಲಿಲ್ಲ, ಗರ್ನಾಲೂ ಇರಲಿಲ್ಲ. ಹಾಗೆಂದು ನಾನೇ ಕೇಳಿಕೊಂಡಿದ್ದೆ. ನೀರುಗಂಟಿ ತೂಬಿನ ಕಲ್ಲುಕಂಬದ ಮೇಲೆ ಕಾಗೆಯ ಹಾಗೆ ಕೂತಿದ್ದ. ನಾನು ಅದರ ಬುಡದ ಚಪ್ಪಡಿಯ ಮೇಲೆ ಎದೆಮಟ್ಟ ನೀರಿನಲ್ಲಿ. ದೊಡ್ಡವ್ವ ಕೂಸಿನ ಹಣೆಗೆ ಅರಿಸಿನ ಕುಂಕುಮ ಇಟ್ಟು, ಅದೇ ಬಾಗಿನವನ್ನು ಹೊಸ ದಾರದಲ್ಲಿ ಕಟ್ಟಿ ಬಾಯಿಗೆ ಕೊಟ್ಟಳು. ಕರೀ ಮುಖದಲ್ಲಿ ಕೆಂಪು ಬೊಟ್ಟು, ಬಾಯಲ್ಲಿ ಮೊರ, ಅವಳು ನೀರನ್ನು ಸೀಳಿಕೊಂಡು ಬರುವುದನ್ನು ಅರ್ಧದವರೆಗೆ ನೋಡಿದೆ. ಆಮೇಲೆ ಕೈ ಮುಗಿದೆ, ಕಣ್ಣು ಮುಚ್ಚಿದೆ. ಆದ್ದರಿಂದ ಅದನ್ನು ನಾನು ನೋಡಲಿಲ್ಲ.

ತಲೆಯ ಮೇಲಿಂದ ನೀರುಗಂಟಿಯ ದನಿ ಕೇಳಿಸಿತು, ಅವನಲ್ಲದವನ ದನಿಯ ಹಾಗೆ. "ಬಿಟ್ಲು ಕಣೋ."

ಕಣ್ಣು ತೆರೆದೆ. ಮೊರ ಒಂದು ಸುತ್ತು ತಿರುಗಿ, ಒಂದು ಕಡೆ ವಾಲಿ, ತೂಬಿನ ಸುಳಿಯೊಳಕ್ಕೆ ಇಳಿಯಿತು. ಏರಿಯುದ್ದಕ್ಕೂ ಊರಿಗೆ ಊರೇ ಕೈ ಮುಗಿದು ನಿಂತಿತ್ತು. ಕೂಸು ನೀರಿನಲ್ಲೇ ನಿಂತ ಹಾಗೆ ಈಜುತ್ತಾ, ಆ ಸಾಲುಗೈಗಳನ್ನೆಲ್ಲ ಒಂದು ಸಲ ನೋಡಿದಳು. ಆಗ ನಾನು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಕೆರೆ ಮತ್ತೆ ನಮ್ಮದಾಯಿತು. ಊರಿನ ಮಾತೂ ಬದಲಾಯಿತು. ನೀರುಗಂಟಿ ಅವಳನ್ನು ಅಮ್ಮಣ್ಣಿ ಎಂದು ಕರೆಯತೊಡಗಿದ, ನನ್ನನ್ನು ಮಾತ್ರ ನಾಯಿ ಮೇಷ್ಟ್ರು ಎಂದೇ. ಧನುರ್ಮಾಸದ ಚಳಿಯಲ್ಲಿ ದಿನಾ ಮಂಜಿನೊಳಗೆ ಕಳಿಸಿದೆ, ದಿನಾ ತಂದಳು, ಒಂದು ದಿನವೂ ನೀರಿನಲ್ಲಿ ಬಾಯಿ ಸಡಿಲಿಸಲಿಲ್ಲ. ದೊರೆ ಹೇಳಿದ್ದು ಸುಳ್ಳಾಯಿತೆಂದು ನನಗೆ ಒಳಗೊಳಗೇ ಹಿಗ್ಗು.

ಪರೀಕ್ಷೆಯ ದಿನ ತೋಪಿನ ತುಂಬ ಡೇರೆ, ಮೋಟಾರು, ಟೋಪಿ. ತೀರ್ಪು ಹೇಳುವ ಮೂವರು ದೊರೆಗಳು ಬೆತ್ತ ಊರಿಕೊಂಡು ನಿಂತಿದ್ದರು. ಹುರುಳಿ ಹೊಲದಲ್ಲಿ ಬಿದ್ದ ಕೌಜುಗವನ್ನು ಅವಳು, ದಾರಿ ಗಾಳಿಯಲ್ಲೇ ಬರೆದಿಟ್ಟಿದ್ದ ಹಾಗೆ, ನೇರ ಹೋಗಿ ತಂದಳು. ಬೇರೆ ನಾಯಿಗಳು ಮೂಗು ಊರಿ ಅಲೆದಾಡಿದ ಕಡೆ ಅವಳು ಹೋಗಿ ಬಂದದ್ದು ಬಾವಿಗೆ ಹೋಗಿ ಬಂದ ಹಾಗೆ. ಜಮೀನ್ದಾರರು ದೊರೆಯ ಕೈ ಕುಲುಕಿದರು. ನೀರಿನದೊಂದು ಉಳಿದಿತ್ತು.

ಏರಿಯ ಮೇಲೆ ಊರಿನ ಹೆಂಗಸರೆಲ್ಲ ಬಂದು ಕೂತಿದ್ದರು. ಯಾವ ವರ್ಷವೂ ಬಾರದವರು. ಅವರ ನಾಯಿಯ ಪರೀಕ್ಷೆಯಲ್ಲವೇ? ನಡುವೆ ದೊಡ್ಡವ್ವ, ಮಡಿಲಲ್ಲಿ ಎಲೆಅಡಿಕೆ.

ಕೋವಿ ಹಾರಿತು. ತೂಬಿನಿಂದಾಚೆಗೆ ಒಂದು ಬಾತು ವಾರೆಯಾಗಿ ಬಿತ್ತು. ಕೂಸು ಅಲುಗಲಿಲ್ಲ. ತೀರ್ಪಿನ ದೊರೆಗಳು ತಲೆದೂಗಿದರು. ನಾನು ಬಲಗೈ ಚಾಚಿದೆ. ಹೋದಳು. ಜೊಂಡಿನ ಅಂಚಿನಲ್ಲಿ ಹಿಡಿದು ತಿರುಗಿದಳು. ಹಕ್ಕಿಗೆ ಜೀವವಿತ್ತು. ರೆಕ್ಕೆಯ ತುದಿಗೆ ಮಾತ್ರ ಏಟು. ಅದು ಅವಳ ಬಾಯಲ್ಲಿ ಕುತ್ತಿಗೆ ಎತ್ತಿ ಕೂತ ಹಾಗೆ ಬರುತ್ತಿತ್ತು. ಎಳೆಬಿಸಿಲು, ಅವಳ ಹಿಂದೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತಿದ್ದ ನೀರಿನ ಗೀರು. ಇನ್ನು ಒಂದು ಹೊಲದಷ್ಟು ದೂರ. ನಾನು ಅಂಗೈಯನ್ನು ಪಂಚೆಗೆ ಒರೆಸಿಕೊಂಡೆ.

ಅವಳು ತೂಬಿನ ಕಲ್ಲಿನ ಪಕ್ಕಕ್ಕೆ ಬಂದಳು. ಏರಿಯ ಮೇಲೆ ದೊಡ್ಡವ್ವ ಎದ್ದು ನಿಂತು ಕೈ ಮುಗಿದಳು. ಅವಳ ಪಕ್ಕದವಳು ಮುಗಿದಳು. ಗಾಳಿಗೆ ರಾಗಿಯ ಹೊಲ ಒಂದು ತುದಿಯಿಂದ ಬಾಗುತ್ತಾ ಹೋಗುವ ಹಾಗೆ, ಏರಿಯುದ್ದಕ್ಕೂ ಕೈಗಳು ಮೇಲೆದ್ದವು.

ಪರೀಕ್ಷೆಯಲ್ಲಿ ನಾಯಿ ನಡೆಸುವವನು ಕೂಗುವಂತಿಲ್ಲ. ಕೂಗಿದ್ದರೂ ಏನೆಂದು ಕೂಗಲಿ? ನೀರುಗಂಟಿ ಹೆಂಗಸರ ಕಡೆಗೆ ಓಡುತ್ತಿದ್ದುದು ಕಂಡಿತು. "ಕೈ ಇಳಿಸ್ರಮ್ಮಾ, ಕೈ ಇಳಿಸಿ." ಅವರಿಗೆ ಅರ್ಥವಾಗಲಿಲ್ಲ. ಕೂಸು ಈಜು ನಿಲ್ಲಿಸಿದಳು. ಏರಿಯನ್ನು ನೋಡಿದಳು. ಆಮೇಲೆ ಬಾಯಿ ತೆರೆದಳು.

ಬಾತು ಒಂದು ಗಳಿಗೆ ನೀರಿನ ಮೇಲೆ, ನಂಬದ ಹಾಗೆ, ಹಾಗೇ ಕೂತಿತ್ತು. ಮೈ ಕೊಡವಿತು. ಮುಳುಗಿತು. ತುಂಬ ದೂರದಲ್ಲಿ ಎದ್ದು, ಜೊಂಡಿನೊಳಗೆ ಸೇರಿಕೊಂಡಿತು. ಕೂಸು ಬರಿಬಾಯಲ್ಲಿ ದಡಕ್ಕೆ ಬಂದು, ಮೈ ಒದರಿ, ನನ್ನೆದುರು ನೆಟ್ಟಗೆ ಕೂತಳು. ಬಾಗಿನ ಬಿಟ್ಟು ಬಂದ ದಿನ ಕೂತ ಹಾಗೆಯೇ. ಶಹಬ್ಬಾಸ್ ಅನ್ನಿಸಿಕೊಳ್ಳಲು ಬಂದವಳ ಮುಖ ಅದು. ದೊರೆಯೊಬ್ಬ ಬೆತ್ತ ಎತ್ತಿ ಆಚೆಗೆ ತೋರಿಸಿದ.

ಏರಿಯ ಮೇಲೆ ನೀರುಗಂಟಿ ಏದುಸಿರು ಬಿಡುತ್ತಾ ಕೇಳುತ್ತಿದ್ದ. "ಯಾಕ್ ದೊಡ್ಡವ್ವಾ ಕೈ ಎತ್ತಿದ್ರಿ?"

"ತಾಯಿ ಇರೋ ಜಾಗ, ಮುಗಿದೆ. ಅದನ್ನೂ ನಿನ್ ಕೇಳಿ ಮಾಡ್ಬೇಕಾ?" ಆಮೇಲೆ ನನ್ನ ಮುಖ ನೋಡಿ ಅವಳಿಗೆ ಏನೋ ಹೊಳೆಯಿತು. ದನಿ ಇಳಿಸಿದಳು. "ಏನಪ್ಪಾ, ಸೋತ್ಲಾ?"

"ಸೋಲ್ಲಿಲ್ಲ ದೊಡ್ಡವ್ವ. ನಾನು ಹೇಳ್ಕೊಟ್ಟಿದ್ದನ್ನೇ ಮಾಡಿದ್ಲು."

ಅದು ಸಮಾಧಾನಕ್ಕೆ ಆಡಿದ ಮಾತಲ್ಲ. ಇವತ್ತಿಗೂ ನನ್ನ ತೀರ್ಪು ಅದೇ. ಆದರೆ ಆಗ ಎದೆಯಲ್ಲಿ ಏನಿತ್ತೆಂದು ಕೇಳಿದರೆ ಸರಿಯಾಗಿ ಹೇಳಲಾರೆ. ಒಂದು ಕಡೆ ಏನೋ ಕುಸಿದು ಬಿದ್ದಿತ್ತು. ಇನ್ನೊಂದು ಕಡೆ, ಜೊಂಡಿನೊಳಗೆ ಹೋದ ಆ ಬಾತಿನ ಹಾಗೆ, ಏನೋ ಮೆಲ್ಲಗೆ ಮೈ ಕೊಡವಿಕೊಳ್ಳುತ್ತಿತ್ತು.

ಜಮೀನ್ದಾರರು ಬೇರೊಂದು ಹಳದಿ ನಾಯಿಯನ್ನು ಮೋಟಾರಿಗೆ ಹತ್ತಿಸಿಕೊಂಡು ಹೋದರು. ಡೇರೆಗಳು ಇಳಿದವು. ಸಂಜೆ ದೊರೆ ವರಾಂಡದಲ್ಲಿ ಕೂತು ಬೂಟು ಕಳಚುತ್ತಿದ್ದ. ನಾನು ಕಂಬದ ಹತ್ತಿರ ನಿಂತಿದ್ದೆ. ನಾನು ಹೇಳಿದ ಹಾಗೆಯೇ ಆ ಸನ್ನೆಯನ್ನು ಯಾವ ದೊರೆಯೂ ಮಾಡಲಿಲ್ಲ ಎಂಬುದನ್ನು ಇಬ್ಬರೂ ಯೋಚಿಸುತ್ತಿದ್ದೆವು ಅನ್ನಿಸುತ್ತದೆ. ಅವನ ಭುಜ ಅಲುಗತೊಡಗಿತು. ನಗುತ್ತಿದ್ದ. ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ಗೂಟದಿಂದ ಅವಳ ಕೊರಳಪಟ್ಟಿಯನ್ನು ತೆಗೆದು ನನ್ನ ಕೈಗೆ ಕೊಟ್ಟ.

"ಇವನು ನಿಮ್ಮ ಊರಿನ ನಾಯಿ," ಅಂದ. ಒಂದು ಕ್ಷಣ ಬಿಟ್ಟು, ತಿದ್ದಿಕೊಂಡ. "ಇವಳು."

ದೊರೆ ಬೇಸಿಗೆಯಲ್ಲಿ ಹೋದ. ಬಂಗಲೆಗೆ ಬೀಗ ಬಿತ್ತು. ನಾನು ಮತ್ತೆ ನಮ್ಮ ಹೊಲಕ್ಕೆ ಬಂದೆ, ಕೂಸು ನನ್ನ ಹಿಂದೆ ನಮ್ಮ ಹಟ್ಟಿಗೆ ಬಂದಳು. ಆ ಬೇಸಿಗೆ ಕೆರೆಯ ನೀರು ಇಳಿದಾಗ ನೀರುಗಂಟಿ ತೂಬಿನ ಬಾಯಲ್ಲಿ ಹೂಳು ತೆಗೆಯುತ್ತಿದ್ದ. ನನ್ನನ್ನು ಕೈಬೀಸಿ ಕರೆದ. ಕೆಸರಿನಲ್ಲಿ ಬಿದಿರಿನ ಎರಡು ಸಿಬಿರು, ಒಂದು ಹಸಿರು ಬಳೆ, ಒಡೆಯದೆ ಹಾಗೇ ಇತ್ತು. ಇಬ್ಬರೂ ಸ್ವಲ್ಪ ಹೊತ್ತು ನೋಡಿದೆವು. ಅವನು ಹಿಂದೆ ಮುಂದೆ ನೋಡಿ, ಹೆಬ್ಬೆರಳಿನಿಂದ ಅದನ್ನು ಕೆಸರಿನೊಳಕ್ಕೆ ಒತ್ತಿದ.

"ನಿನ್ ಮಗಳಿಗೆ ತೋರಿಸ್ಬೇಡ," ಅಂದ. "ತಂದ್ಬಿಡ್ತಾಳೆ."

ಮುಂದಿನ ಕಾರ್ತಿಕದಲ್ಲಿ ಮತ್ತೆ ಬಾತುಗಳು ಬಂದವು. ಬೆಳಗಿನ ಜಾವ ಗದ್ದೆಗೆ ಹೋಗುವ ಮೊದಲು ನಾವಿಬ್ಬರೂ ಏರಿಯ ಮೇಲೆ ಕೂತೆವು. ಕೋವಿಯಿಲ್ಲ, ಟೋಪಿಯಿಲ್ಲ. ಮಂಜಿನೊಳಗೆ ಅವು ಒಂದೊಂದೇ ನೀರಿಗಿಳಿಯುವ ಸದ್ದು, ಯಾರೋ ಕತ್ತಲಲ್ಲಿ ಬಟ್ಟೆ ಮಡಿಸಿದ ಹಾಗೆ. ಪ್ರತಿ ಸದ್ದಿಗೂ ಕೂಸು ಕಿವಿ ನೆಟ್ಟಗೆ ಮಾಡಿ ನನ್ನ ಕೈ ಎಲ್ಲಿದೆಯೆಂದು ನೋಡುತ್ತಿದ್ದಳು. ನನ್ನ ಎರಡೂ ಕೈಗಳು ಕಂಬಳಿಯ ಒಳಗಿದ್ದವು. ತುಂಬ ಹೊತ್ತು ಕಾದಳು. ಆಮೇಲೆ ಗದ್ದವನ್ನು ನನ್ನ ಮಂಡಿಯ ಮೇಲೆ, ಯಾರಿಗೂ ಕೊಡಬೇಕಿಲ್ಲದ ಭಾರವನ್ನು ಇಟ್ಟ ಹಾಗೆ, ಇಟ್ಟಳು.